ಎಣ್ಣೆ ಎಂದು ಬರೆದೆ

ಪತ್ರಿಕೆಯವರು ‘ಕಚ್ಚಾ ತೈಲ’ ಎಂದು ಬರೆಯುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ತಿಲ ಅಂದರೆ ಎಳ್ಳು, ಎಳ್ಳಿನಿಂದ ಬಂದದ್ದು ತೈಲ. ನೆಲದ ಹೊಟ್ಟೆಯಿಂದ ಎತ್ತಿದ ಕರಿ ರಾಡಿಗೂ ಎಳ್ಳಿಗೂ ಎಂತ ಸಂಬಂಧ? ಹಳೆಯ ನಿಘಂಟಿನಲ್ಲಿ ‘ಕಲ್ಲೆಣ್ಣೆ’ ಎಂಬ ಚೆಂದದ ಮಾತೊಂದಿದೆ. ಅದನ್ನು ಯಾರೂ ಬಳಸುವುದಿಲ್ಲ. ಬಳಸಿದರೆ ಸೀಮೆಎಣ್ಣೆಯಾ, ಪೆಟ್ರೋಲಾ ಎಂದು ಕೇಳುತ್ತಾರೆ. ಹಡಗಿನಲ್ಲಿ ದುಡಿಯುವ ನಮ್ಮ ಕಡೆಯವರಿಗೆ ಈ ತಾಪತ್ರಯವೇ ಇಲ್ಲ, ಅವರು ‘ಕ್ರೂಡು’ ಎಂದು ಹೇಳಿ ಮುಂದೆ ಹೋಗುತ್ತಾರೆ. ನಾನು ಕುಮಟಾದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಪದದ ವಿಷಯದಲ್ಲಿ ನಾನು ಜಗಳಗಂಟಿ ಎಂದು ಸ್ಟಾಫ್ ರೂಮಿನಲ್ಲಿ ಹೆಸರಾಗಿದೆ, ಆ ಹೆಸರಿನ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ.

ಅಂಥ ನಾನು ಹೋದ ಶ್ರಾವಣದಲ್ಲಿ, ಒಂದು ಶನಿವಾರ ಮಧ್ಯಾಹ್ನ, ಕ್ರೂಡು ಇದ್ದ ಕಡೆ ಬರೀ ‘ಎಣ್ಣೆ’ ಎಂದು ಬರೆದು ಕೆಳಗೆ ಸಹಿ ಹಾಕಿದೆ. ಆವತ್ತಿನಿಂದ ಭಟ್ಕಳದ ಕಡೆಯ ಬಸ್ಸು ಹತ್ತಿಲ್ಲ. ಹೊನ್ನಾವರದಲ್ಲಿ ತಂಗಿಯ ಮನೆಯಿದೆ, ಅಲ್ಲಿಗೂ ಹೋಗುವುದು ಬಿಟ್ಟೆ. ಆ ಕಡೆಯ ಬಂಗಾರಿ ಎಂಬ ಹೆಂಗಸು ಮನೆಗೆ ಬಂದರೆ ಅರ್ಜಿ ಬರೆಯುವ ಕೆಲಸವಾದರೂ ಇರುತ್ತಿತ್ತು, ಬಸ್ಸಿನಲ್ಲಿ ಪಕ್ಕ ಕೂತರೆ ಎಂತ ಮಾತಾಡುವುದು ಎನ್ನುವ ಹೆದರಿಕೆ.

ಶಾಲೆಯ ಕೆಲಸದ ಜೊತೆಗೆ ನಾನು ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುತ್ತೇನೆ. ಜನ್ಮದಾಖಲೆ, ಜಮೀನಿನ ಪತ್ರ, ಗಲ್ಫಿಗೆ ಹೋಗುವವರ ಒಪ್ಪಿಗೆ ಪತ್ರ. ಕೊನೆಯಲ್ಲಿ ‘ಈ ಭಾಷಾಂತರ ಮೂಲಕ್ಕೆ ನಿಷ್ಠವಾಗಿದೆ, ಏನನ್ನೂ ಬಿಟ್ಟಿಲ್ಲ, ಸೇರಿಸಿಲ್ಲ’ ಎಂದು ಬರೆದು ಸಹಿ ಮಾಡಿದರೆ ನೋಟರಿ ಮುದ್ರೆ ಒತ್ತುತ್ತಾರೆ. ಆ ಶನಿವಾರ ನನ್ನ ಮನೆಗೆ ಬಂದವರು ಇಬ್ಬರು ಹೆಂಗಸರು. ಬಾಡದ ನಾಗಿ, ಮೀನು ಮಾರುವವಳು, ನನ್ನ ತವರಿನ ನೆರೆಯವಳು. ಭಟ್ಕಳದ ಹತ್ತಿರದ ಬೆಳಕೆಯ ಬಂಗಾರಿ, ಅವಳ ಮನೆಯಲ್ಲೂ ದೋಣಿ ಬಲೆಯದೇ ಬದುಕು. ಇಬ್ಬರ ಮಕ್ಕಳೂ, ನಾಗಿಯ ದಿನೇಶ ಮತ್ತು ಬಂಗಾರಿಯ ಕಿರಣ, ಒಂದೇ ಸಣ್ಣ ಟ್ಯಾಂಕರ್ ಹಡಗಿನಲ್ಲಿ ದುಡಿಯುತ್ತಿದ್ದರು. ಕಾಗದದಲ್ಲಿ ಡೀಸೆಲ್ ಎಂದು ಬರೆದು ಟ್ಯಾಂಕಿನಲ್ಲಿ ಕಳ್ಳ ಕ್ರೂಡು ತುಂಬಿಸಿದ್ದರೆಂದು ಹೊರದೇಶದ ಪೊಲೀಸರು ಆ ಹಡಗನ್ನು ಹಿಡಿದಿದ್ದರು. ಹಿಡಿದು ಹದಿನಾಲ್ಕು ತಿಂಗಳಾಗಿತ್ತು. ಕ್ಯಾಪ್ಟನ್ ಹೇಗೋ ತಪ್ಪಿಸಿಕೊಂಡು ಹೋದ, ಕೆಳಗಿನವರು ಜೈಲಿನಲ್ಲಿ ಕೂತರು.

ನಾವಿಕರ ಸಂಘದ ರಮಾನಂದ ನನಗೆ ಫೋನಿನಲ್ಲಿ ಮೊದಲೇ ಎಲ್ಲ ವಿವರಿಸಿದ್ದರು. ಅಲ್ಲಿಯ ಕೋರ್ಟು ಎರಡು ಪಟ್ಟಿ ಮಾಡುತ್ತದೆ. ಟ್ಯಾಂಕಿನಲ್ಲಿ ಇದ್ದದ್ದು ಎಂತ ಎಂದು ಗೊತ್ತಿದ್ದವರು, ಗೊತ್ತಿಲ್ಲದವರು. ಗೊತ್ತಿಲ್ಲದವರು ಮನೆಗೆ, ಗೊತ್ತಿದ್ದವರಿಗೆ ಐದು ವರ್ಷವೋ ಏಳು ವರ್ಷವೋ. ಗೊತ್ತಿರಲಿಲ್ಲ ಎನ್ನುವುದಕ್ಕೆ ಒಬ್ಬೊಬ್ಬನಿಗೂ ಬೇರೆ ಬೇರೆ ಪುರಾವೆ ಬೇಕು. ಕಿರಣನ ಸ್ಥಿತಿ ಹೆಚ್ಚು ಕಷ್ಟದ್ದು. ಎಣ್ಣೆ ತುಂಬಿಸುವಾಗ ವಾಲ್ವಿನ ಹತ್ತಿರ ನಿಂತವ ಅವನೇ, ಹೆದರಿಕೆಗೆ ಅಲ್ಲಿಯ ಭಾಷೆಯ ಒಂದು ಕಾಗದಕ್ಕೆ ಓದದೆ ಸಹಿ ಹಾಕಿದವನೂ ಅವನೇ. ದಿನೇಶನ ಪರವಾಗಿ ನಾಗಿಯ ಮೊಬೈಲಿನಲ್ಲಿ ಅವನು ಕಳಿಸಿದ ನಲವತ್ತೊಂದು ದನಿಯ ಸಂದೇಶಗಳಿದ್ದವು. ನಾಗಿಗೆ ಓದು ಬಾರದು, ಅದಕ್ಕೆ ಅವನು ಬರೆಯುತ್ತಲೇ ಇರಲಿಲ್ಲ. ನನ್ನ ಮಗ ನನ್ನ ಹತ್ತಿರ ಎಂತದನ್ನೂ ಮುಚ್ಚಿಡುವವನಲ್ಲ ಎಂದು ಅವಳು ಮೊಬೈಲನ್ನೇ ವಕೀಲರ ಕೈಗೆ ಕೊಟ್ಟಿದ್ದಳು, ಅವರು ಎಲ್ಲವನ್ನೂ ಕೋರ್ಟಿಗೆ ಹಾಕಿದ್ದರು. ಆದರೆ ಬಾಡದ ಕನ್ನಡ ಆ ದೇಶದಲ್ಲಿ ಯಾರಿಗೆ ತಿಳಿಯಬೇಕು? ನಾನು ಬರೆದುಕೊಟ್ಟದ್ದೇ ಅಲ್ಲಿ ದಿನೇಶನ ಮಾತು.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒಂದೊಂದೇ ಬರೆಯುತ್ತಾ ಹೋದೆ. ತಾರ್ಲೆ ಮೀನು ಬಂತಾ, ಮಾಡಿನ ಹಂಚು ತಿರುಗಿಸಿದರಾ, ನಿನ್ನ ಮಂಡಿ ನೋವು ಹೇಗಿದೆ. ಅವನ ದನಿ ಕೇಳಿ ಮನಸ್ಸು ಮೆತ್ತಗಾಯಿತು. ಡೆಕ್ಕಿನ ಕೆಲಸದಿಂದ, ಟ್ಯಾಂಕು ತುಂಬಿಸಿ ಇಳಿಸುವ ಪಂಪ್‌ಮನ್ ಆಗುವ ಪರೀಕ್ಷೆಗೆ ಓದುವಾಗ ಅವನು ಎರಡು ತಿಂಗಳು ನನ್ನ ಮನೆಗೆ ಬಂದಿದ್ದ. ಇಂಗ್ಲಿಷಿನ ಪುಸ್ತಕ, ಕನ್ನಡದ ತಲೆ. ಯಾವುದನ್ನು ಕೇಳಿದರೂ ‘ಎಣ್ಣೆ ಅಕ್ಕೋರೆ’ ಅನ್ನುತ್ತಿದ್ದ. ನಾನು ರೇಗುತ್ತಿದ್ದೆ. ತಲೆಗೆ ಹಚ್ಚುವುದೂ ಎಣ್ಣೆ, ಒಗ್ಗರಣೆಗೆ ಹಾಕುವುದೂ ಎಣ್ಣೆ, ಬೋಟಿಗೆ ಹಾಕುವ ಡೀಸೆಲ್ಲನ್ನೂ ನೀವು ಎಣ್ಣೆ ಅನ್ನುತ್ತೀರಿ, ಸಂಜೆ ಕೆಲವರು ಕುಡಿಯುವುದೂ ಎಣ್ಣೆಯೇ, ಯಾವ ಎಣ್ಣೆ ಎಂದು ಹೇಳಲು ಬಾರದವ ಟ್ಯಾಂಕು ಕಾಯುವುದು ಹೇಗೆ ಎಂದು. ಕೊನೆಗೆ ಅವನ ನೋಟುಪುಸ್ತಕದಲ್ಲಿ ನಾನೇ ಬರೆದುಕೊಟ್ಟೆ: ಕ್ರೂಡ್ ಅಂದರೆ ನೆಲದಿಂದ ತೆಗೆದ, ಇನ್ನೂ ಸೋಸದ, ಒಂದರಿಂದ ಒಂದನ್ನು ಬೇರೆ ಮಾಡದ ಎಣ್ಣೆ. ಅವನು ಅದನ್ನು ಬಾಯಿಪಾಠ ಮಾಡಿ ಪಾಸಾದ.

ಕೊನೆಯ ಸಂದೇಶ, ನಲವತ್ತೊಂದನೆಯದು, ಹಡಗು ಹಿಡಿದ ದಿನದ್ದು. ಗಾಳಿಯ ಸದ್ದು ಇತ್ತು, ಆದರೆ ಒಂದು ಮಾತೂ ತಪ್ಪದೆ ಕೇಳಿಸುತ್ತಿತ್ತು.

“ಅವ್ವಿ, ಹಡಗು ಹಿಡ್ದಾರೆ, ಹೆದ್ರಬೇಡ. ಕಾಗದದಲ್ಲಿ ಡೀಸೆಲ್ ಅಂತ ಬರ್ದಾರೆ. ಮಾಲು ಡೀಸೆಲ್ ಅಲ್ಲ, ಕ್ರೂಡು. ತುಂಬ್ಸೂವಾಗ್ಲೇ ನಾ ಬೆರಳಲ್ಲಿ ಹಿಡ್ದು ನೋಡಿದೆ, ಕೊಳ್ತ ಮೊಟ್ಟೆ ವಾಸ್ನೆ, ಬೆರಳು ಬಿಡೂದಿಲ್ಲ. ಅಕ್ಕೋರು ಹೇಳ್ಕೊಟ್ಟಿದ್ರಲ, ನೆಲದಿಂದ ತೆಗ್ದದ್ದು, ಇನ್ನೂ ಸೋಸದೇ ಇದ್ದದ್ದು, ಅದೇ. ನಂಗೆ ಗೊತ್ತಿತ್ತು. ಕಿರಣಂಗೆ ಗೊತ್ತಿಲ್ಲ. ನಾ ಅವಂಗೆ ಹೇಳ್ಲಿಲ್ಲ. ಅವ ಡೀಸೆಲ್ ಅಂತೇ ತಿಳ್ಕಂಡಾನೆ.”

ಅಷ್ಟೇ. ನಾನು ಅದನ್ನು ಆರು ಸಲ ಕೇಳಿದೆ. ಹೆದರಿದವನ ಬಾಯಲ್ಲಿ ಬಂದದ್ದೆಲ್ಲ ಹೊರಗೆ ಬಿದ್ದಿದೆ ಎಂದುಕೊಂಡೆ, ಹಾಳಾದವ ಇದನ್ನು ಯಾಕೆ ಹೇಳಿದ ಎಂದು ಸಿಟ್ಟೂ ಬಂತು. ಇದ್ದದ್ದು ಇದ್ದ ಹಾಗೆ ಬರೆದರೆ ದಿನೇಶ ಗೊತ್ತಿದ್ದವರ ಪಟ್ಟಿಗೆ, ಏಳು ವರ್ಷ. ಅದೇ ಬರಹ ಕಿರಣನಿಗೆ ಸಿಗಬಹುದಾದ ಒಂದೇ ಪುರಾವೆ. ನನ್ನ ಎದುರಿನ ಬೆಂಚಿನಲ್ಲಿ ಇಬ್ಬರು ತಾಯಂದಿರೂ ಹೆಗಲಿಗೆ ಹೆಗಲು ತಾಗಿಸಿ ಕೂತು, ಒಂದೇ ಡಬ್ಬಿಯಿಂದ ಅವಲಕ್ಕಿ ತಿನ್ನುತ್ತಿದ್ದರು.

ಬಂಗಾರಿ ಕೈ ತೊಳೆಯಲು ಹಿತ್ತಲ ಬಾವಿಕಟ್ಟೆಗೆ ಹೋದಳು. ನಾಗಿ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತಳು.

“ಹಡಗು ಹಿಡ್ದ ದಿನದ್ದು ಬಂತಾ ಅಕ್ಕೋರೆ?”

“ಬಂತು.”

“ಅದ ಬರೀಬೇಡ್ರಿ. ಮೊಬೈಲು ಕೊಡೂವಾಗ ನಂಗೆ ಪಟ್ಟಿ ಗಿಟ್ಟಿ ಎಂತದೂ ಗೊತ್ತಿರ್ಲಿಲ್ಲ. ಸಂಘದ ರಮಾನಂದರು ಮೊನ್ನೆ ಹೇಳ್ದ ಮೇಲೇ ತಿಳ್ದದ್ದು.”

“ಬಂಗಾರಿಗೆ ಇದನ್ನು ಕೇಳಿಸಿದ್ದೀಯಾ?”

“ಇಲ್ಲ.” ಹಿತ್ತಲ ಕಡೆ ಒಮ್ಮೆ ನೋಡಿ ಹೇಳಿದಳು, “ದಿನೇಶನ ಅಪ್ಪ ಮಾಬ್ಲ ಸಮುದ್ರದಲ್ಲಿ ಹೋದ. ಇದೊಂದು ಉಳ್ದದೆ. ನೀವೂ ಎತ್ತಿ ಆಡ್ಸಿದ್ರಿ ಅಲ್ದಾ.”

ಆಡಿಸಿದ್ದೆ, ಸುಳ್ಳಲ್ಲ. ಅವನಿಗೆ ಆ ಪದ ಹೇಳಿಕೊಟ್ಟು ಕುತ್ತಿಗೆಗೆ ತಂದವಳೂ ನಾನೇ ಅನ್ನಿಸಿತು. ಹಿತ್ತಲಲ್ಲಿ ಬಾವಿಯ ರಾಟೆ ಕಿರುಗುಟ್ಟುವುದು ನಿಂತಿತು. ಬಂಗಾರಿ ಸೆರಗಿಗೆ ಕೈ ಒರೆಸುತ್ತಾ ಒಳಗೆ ಬಂದಳು, ನಾಗಿ ಏನೂ ಆಗದವಳ ಹಾಗೆ ಹೋಗಿ ಅವಳ ಪಕ್ಕ ಕೂತಳು. ಇಬ್ಬರೂ ನನ್ನನ್ನು ನೋಡುತ್ತಿದ್ದರು. ಆ ಕೋಣೆಯಿಂದ ಎದ್ದು ಹೋಗಬೇಕು ಅನ್ನಿಸಿತು, ಹೋಗುವುದಾದರೂ ಎಲ್ಲಿಗೆ, ಮನೆ ನನ್ನದೇ.

ಮೊದಲು ಕ್ರೂಡು ಎನ್ನುವುದನ್ನು ತೆಗೆದು ಇಂಗ್ಲಿಷಿನಲ್ಲಿ ಬರೀ ‘ಆಯಿಲ್’, ‘ಎಣ್ಣೆ’ ಎಂದು ಹಾಕಿದೆ. ‘ಹಡಗಿನಲ್ಲಿ ಎಣ್ಣೆ ಇದೆ.’ ಇದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಕ್ರೂಡೂ ಎಣ್ಣೆಯೇ ಅಲ್ಲವೇ. ಆಮೇಲೆ ಡೀಸೆಲ್ ಅಲ್ಲ ಎಂಬುದು ಉಳಿಯುವಂತಿರಲಿಲ್ಲ. ಬೆರಳಿನ ಮಾತು ಉಳಿಯುವಂತಿರಲಿಲ್ಲ. ಅವೆಲ್ಲ ಹೋದ ಮೇಲೆ, ಕಿರಣನಿಗೆ ಗೊತ್ತಿಲ್ಲ ಎನ್ನುವುದು ಒಂಟಿಯಾಗಿ ನಿಂತಿತು. ಗೊತ್ತಿಲ್ಲ ಅಂದರೆ ಎಂತ ಗೊತ್ತಿಲ್ಲ, ಹಾಗಾದರೆ ಗೊತ್ತಿದ್ದವ ಯಾರು ಎಂದು ಓದಿದ ಯಾರಾದರೂ ಕೇಳುತ್ತಾರೆ. ನಮ್ಮ ಕೆಲಸದಲ್ಲಿ ದನಿ ಸರಿಯಾಗಿ ಕೇಳದಿದ್ದ ಕಡೆ ಹಾಗೆಂದು ಬರೆದು ಮುಂದೆ ಹೋಗುವ ರೂಢಿಯಿದೆ. ಇಪ್ಪತ್ತು ವರ್ಷದಲ್ಲಿ ನಾನು ಆ ರೂಢಿಯನ್ನು ಒಮ್ಮೆಯೂ ದುರುಪಯೋಗ ಮಾಡಿರಲಿಲ್ಲ. ಆವತ್ತು ‘ಗಾಳಿಯ ಸದ್ದು, ಮಾತು ಸ್ಪಷ್ಟವಿಲ್ಲ’ ಎಂದು ಬರೆದೆ.

“ಅಕ್ಕೋರೆ,” ಬಂಗಾರಿ ಕೇಳಿದಳು, “ಇಷ್ಟೆಲ್ಲ ಕೇಳಿದ್ರಲ, ನಮ್ಮ ಕಿರಣನ ಸುದ್ದಿ ಎಲ್ಲಾರೂ ಬಂತಾ? ಹೆಸ್ರಾದ್ರೂ?”

“ಇಲ್ಲ,” ಎಂದೆ.

ಅವಳು ತಲೆಯಾಡಿಸಿದಳು. ನಾಗಿ ನೆಲ ನೋಡುತ್ತಿದ್ದಳು. ಸೋಮವಾರ ನೋಟರಿಯ ಮುದ್ರೆ ಬಿತ್ತು.

ಡಿಸೆಂಬರಿನಲ್ಲಿ ತೀರ್ಪು ಬಂತು. ದಿನೇಶನಿಗೆ ಬಿಡುಗಡೆ, ಕಿರಣನಿಗೆ ಐದು ವರ್ಷ. ನಾಗಿ ನನ್ನ ಮನೆಯ ಕಡೆ ಬರುವುದನ್ನೇ ಬಿಟ್ಟಳು. ಪೇಟೆಯಲ್ಲಿ ಸಿಕ್ಕರೆ ಬುಟ್ಟಿ ಸರಿಮಾಡುವ ನೆವ ಮಾಡಿ ಮುಖ ತಿರುಗಿಸುತ್ತಿದ್ದಳು. ಬಂದವಳು ಬಂಗಾರಿ, ಎರಡು ವಾರಕ್ಕೊಮ್ಮೆ. ಜಿಲ್ಲಾಧಿಕಾರಿಗೆ ಒಂದು ಅರ್ಜಿ, ದಿಲ್ಲಿಗೆ ಒಂದು, ರಾಯಭಾರ ಕಚೇರಿಗೆ ಒಂದು. ಬರುವಾಗ ಒಣ ಸಿಗಡಿ, ನಮ್ಮ ಕಡೆಯ ಸೆಟ್ಲಿ, ತರುತ್ತಿದ್ದಳು, ಬೇಡ ಎಂದರೆ ಅಡುಗೆಮನೆಯಲ್ಲಿ ತಾನೇ ಇಟ್ಟು ಬರುತ್ತಿದ್ದಳು. ಪ್ರತಿ ಅರ್ಜಿಯಲ್ಲೂ ‘ಟ್ಯಾಂಕಿನಲ್ಲಿ ಕಚ್ಚಾ ತೈಲ ಇದ್ದದ್ದು ನನ್ನ ಮಗನಿಗೆ ತಿಳಿದಿರಲಿಲ್ಲ’ ಎಂದು ನಾನೇ ಬರೆಯುತ್ತಿದ್ದೆ. ತೈಲ ಎಂಬ ಪದದ ಜೊತೆ ಜಗಳವಾಡುವ ಮುಖ ನನಗೆ ಉಳಿದಿರಲಿಲ್ಲ. ಒಂದು ಕಡೆಯಿಂದ ಉತ್ತರ ಬಂತು: ಈ ಬಗ್ಗೆ ಪುರಾವೆ ಇದ್ದರೆ ಲಗತ್ತಿಸಿ.

“ಪುರಾವೆ ಎಲ್ಲಿಂದ ತರೂದು ಅಕ್ಕೋರೆ?” ಎಂದು ಅವಳು ಕೇಳಿದಳು. “ಗೊತ್ತಿಲ್ದೇ ಇದ್ದದ್ದಕ್ಕೆ ಪುರಾವೆ ಇರ್ತದಾ?”

ಅವತ್ತು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದರೆ ಸುಳ್ಳು ದಾಖಲೆ ಮಾಡಿದವಳಾಗಿ ಶಾಲೆಯ ಕೆಲಸ ಹೋಗುತ್ತದೆ, ಪೊಲೀಸರೂ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಆಗ ದಿನೇಶ ಇನ್ನೂ ಆ ದೇಶ ಬಿಟ್ಟಿರಲಿಲ್ಲ, ಕಾಗದಪತ್ರಕ್ಕೆ ಕಾಯುತ್ತಿದ್ದ. ನನ್ನ ಒಂದು ಮಾತಿಗೆ ಅವನು ಮತ್ತೆ ಒಳಗೆ ಹೋಗುತ್ತಾನೆ. ಹೀಗೆ ಯಾವ ಕಡೆ ತಿರುಗಿದರೂ ಯಾರದೋ ಮಗ ಅಡ್ಡ ನಿಂತಿರುತ್ತಿದ್ದ. ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದುವಾಗ ಕೆಂಪು ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದೆ. ತಪ್ಪಿದ್ದ ಕಡೆಯೂ ಗೆರೆ ಎಳೆಯಲು ಕೈ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ದಿನೇಶ ಊರಿಗೆ ಬಂದ. ಮೂರನೆಯ ದಿನ ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ ಜಗಲಿಯಲ್ಲಿ ಬಂದು ನಿಂತ. ಬಹಳ ಇಳಿದುಹೋಗಿದ್ದ. ಕೂರು ಎಂದರೆ ಕೂರಲಿಲ್ಲ.

“ಅಕ್ಕೋರೆ, ಒಂದು ಕೇಳೂಕೆ ಬಂದೆ. ನಾ ಅವ್ವಿಗೆ ಒಂದು ಮೆಸೇಜು ಕಳ್ಸಿದ್ದೆ, ಹಡಗು ಹಿಡ್ದ ದಿನ. ಅದು ಎಂತ ಆತು?”

ನಾನು ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡೆ.

“ಮೊಬೈಲು ಕಸ್ಕಳ್ಳೂಕೆ ಮುಂಚೆ ಹತ್ತು ನಿಮಿಷ ಇತ್ತು,” ಅವನೇ ಮುಂದುವರಿಸಿದ. “ಕಿರಣ ಆಚೆ ಕೂತು ಅಳ್ತಿದ್ದ. ಅವ ಬಂದು ಎರಡು ತಿಂಗಳೂ ಆಗಿರ್ಲಿಲ್ಲ, ನಾನೇ ಕರ್ಕಂಡು ಹೋದವ. ಮುಂದೆ ಒಂದಿನ ಇದು ಕೋರ್ಟಿಗೆ ಬರ್ತದೆ ಅಂತ ಗೊತ್ತಿತ್ತು. ಅದ್ಕೇ ಎಲ್ಲ ಬಿಡಿಸಿ ಹೇಳ್ದೆ, ನಂಗೆ ಗೊತ್ತಿತ್ತು, ಅವಂಗೆ ಗೊತ್ತಿಲ್ಲ ಅಂತ. ಅವ್ವಿಗೇ ಯಾಕೆ ಕಳ್ಸಿದ್ದು ಅಂದ್ರೆ ಅವಳಿಗೆ ಮೆಸೇಜು ಅಳ್ಸಿ ಹಾಕೂಕೆ ಬರೂದಿಲ್ಲ. ಕೋರ್ಟಲ್ಲಿ ನನ್ನ ಹೆಸ್ರು ಓದಿ ಬಿಟ್ರು. ಕಿರಣನ ಹೆಸ್ರು ಬರ್ಲೇ ಇಲ್ಲ. ಕೂಗಿ ಹೇಳ್ದೆ, ಯಾರಿಗೂ ತಿಳೀಲಿಲ್ಲ, ಎಳ್ದುಕೊಂಡು ಹೊರಗೆ ತಂದ್ರು. ಅವ್ವಿ ಹತ್ರ ಕೇಳಿದ್ರೆ ಅಳ್ತಾಳೆ, ಎಂತದೂ ಹೇಳೂದಿಲ್ಲ.”

ಅವನು ಹೆದರಿ ಬಡಬಡಿಸಿದ್ದಲ್ಲ. ತನ್ನನ್ನು ಕೊಟ್ಟು ಕಿರಣನನ್ನು ಬಿಡಿಸಲು ಆಡಿದ ಮಾತು ಅದು. ಅದನ್ನೇ ನಾನು ಗಾಳಿಯ ಸದ್ದು ಎಂದು ಬರೆದಿದ್ದೆ. ನಾಚಿಕೆಯಿಂದ ನನಗೆ ಅವನ ಮುಖ ನೋಡಲಾಗಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡು ನಡೆದದ್ದನ್ನೆಲ್ಲ ಹೇಳಿದೆ, ನಾಗಿ ಕೇಳಿದ್ದನ್ನೂ ನಾನು ಮಾಡಿದ್ದನ್ನೂ. ನಾಗಿಯ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಆಸೆ ಒಂದು ಗಳಿಗೆ ಬಂದಿತ್ತು. ಆದರೆ ಬರೆದ ಕೈ ಅವಳದ್ದಲ್ಲ.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

“ಹಂಗಾರೆ ನಾ ಬಂದದ್ದು ಕಿರಣ ಬರೂ ಜಾಗದಲ್ಲಿ,” ಎಂದ.

ಆಗ ಗೇಟಿನ ಚಿಲಕ ತೆಗೆದ ಸದ್ದಾಯಿತು. ದಿನೇಶ ಬಂದ ಸುದ್ದಿ ಬೆಳಕೆಗೂ ತಲುಪಿತ್ತು. ಬಂಗಾರಿ ಮೊದಲ ಬಸ್ಸಿಗೆ ಬಾಡಕ್ಕೆ ಹೋಗಿ, ಅವನು ಅಕ್ಕೋರ ಮನೆಗೆ ಹೋದ ಎಂದು ಕೇಳಿ ಇಲ್ಲಿಗೆ ಬಂದಿದ್ದಳು. ಅವನನ್ನು ನೋಡಿದವಳೇ ಹತ್ತಿರ ಹೋಗಿ ಅವನ ತೋಳು ಮುಟ್ಟಿ ನೋಡಿದಳು.

“ಸಣ್ಣ ಆಗೋದ್ಯಲ ಮಗಾ. ಕಿರಣನೂ ಹಿಂಗೇ ಆಗಾನಾ? ಊಟ ಮಾಡ್ತನಾ?”

“ಮಾಡ್ತ,” ಎಂದ ದಿನೇಶ. ಆಮೇಲೆ ನನ್ನ ಕಡೆ ತಿರುಗಿದ. ನಾನೇ ಹೇಳಲಿ ಎಂದು ಕಾದ.

ಶಾಲೆಯ ಮೊದಲ ಗಂಟೆ ಹೊಡೆಯುವ ಸಮಯ. ಚೀಲ ಹೆಗಲಲ್ಲೇ ಇತ್ತು, ಮೆಟ್ಟಿಲಿಳಿದರೆ ರಸ್ತೆ. ಇಳಿಯಬಹುದಿತ್ತು. ನಾನು ಚೀಲ ಕೆಳಗಿಟ್ಟು ಬಂಗಾರಿಗೆ ಹೇಳಿದೆ. ನಿನ್ನ ಮಗನ ಸುದ್ದಿ ಆ ದನಿಯಲ್ಲಿ ಇತ್ತು, ಹೆಸರೂ ಇತ್ತು, ಅವನಿಗೆ ಗೊತ್ತಿಲ್ಲ ಎಂದು ದಿನೇಶ ಸರಿಯಾಗಿಯೇ ಹೇಳಿದ್ದ, ನಾನು ಬೇಕೆಂದೇ ಬಿಟ್ಟೆ. ನೀನು ಕೇಳಿದಾಗ ಇಲ್ಲ ಎಂದೆ.

ಅವಳು ನನ್ನನ್ನು ನೋಡಿದಳು, ದಿನೇಶನನ್ನು ನೋಡಿದಳು. ಅವಳ ಕೈ ಅವನ ತೋಳಿನ ಮೇಲೇ ಇತ್ತು. ಅದನ್ನು ಮೆಲ್ಲಗೆ ತೆಗೆದಳು.

“ನಾಗಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವತ್ತು ಒಂದೇ ಡಬ್ಬಿಯಲ್ಲಿ ತಿಂದ್ವಿ,” ಎಂದಳು. ಅಷ್ಟು ಬಿಟ್ಟರೆ ನಾಗಿಯ ಬಗ್ಗೆ ಬೇರೆ ಮಾತೆತ್ತಲಿಲ್ಲ. ಸೀದಾ ನನ್ನ ಕೋಣೆಗೆ ಹೋಗಿ ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. “ಈಗ ಬರೀರಿ. ಬರ್ದು ಮುಗ್ಸೂ ತನಕ ನಾ ಏಳೂದಿಲ್ಲ.”

ದಿನೇಶ ಬಾಗಿಲಿಗೆ ಒರಗಿ ನಿಂತ. ಇದು ಅಲ್ಲಿಯ ಕೋರ್ಟಿಗೆ ಹೋದರೆ ನಿನ್ನನ್ನು ಮತ್ತೆ ಕರೆಯಬಹುದು, ಹಡಗಿನ ಕೆಲಸವಂತೂ ಇನ್ನು ಸಿಗುವುದಿಲ್ಲ ಎಂದು ಹೇಳಿದೆ. “ಆತು,” ಎಂದ. ನನ್ನ ಕೆಲಸದ ಬಗ್ಗೆ ಯಾರೂ ಕೇಳಲಿಲ್ಲ, ಕೇಳುವ ಕಾರಣವೂ ಇರಲಿಲ್ಲ. ಮೊದಲ ಸಾಲಿನಲ್ಲಿ ನನ್ನ ಹೆಸರು, ಶಾಲೆಯ ಹೆಸರು ಹಾಕಿದೆ. ಹಿಂದೆ ಕೊಟ್ಟ ಭಾಷಾಂತರ ಸುಳ್ಳು, ತಿಳಿದೇ ಸುಳ್ಳು ಬರೆದೆ ಎಂದು ಎರಡನೆಯ ಸಾಲು. ಆಮೇಲೆ ಆ ಕೊನೆಯ ಸಂದೇಶ, ಒಂದು ಅಕ್ಷರ ಬಿಡದೆ. ಬರೆಯುವಷ್ಟು ಹೊತ್ತೂ ಶಾಲೆಯಿಂದ ಫೋನು ಬರುತ್ತಿತ್ತು, ಎತ್ತಲಿಲ್ಲ.

“ಓದಿ ಹೇಳ್ರಿ,” ಎಂದಳು ಬಂಗಾರಿ.

ಕನ್ನಡದಲ್ಲಿ ಹೇಳಿದೆ. ಮಾಲು ಡೀಸೆಲ್ ಅಲ್ಲ, ಕ್ರೂಡು. ನನಗೆ ಗೊತ್ತಿತ್ತು. ಕಿರಣನಿಗೆ ಗೊತ್ತಿಲ್ಲ. ನಾನು ಅವನಿಗೆ ಹೇಳಲಿಲ್ಲ.

“ಕಿರಣಂದು ಇನ್ನೊಂದ್ಸಲ.”

ಕಿರಣನಿಗೆ ಗೊತ್ತಿಲ್ಲ ಎಂದು ಓದಿದೆ. ಅವಳು ಕಣ್ಣು ಮುಚ್ಚಿಕೊಂಡು, ಇನ್ನೊಂದು ಸಲ ಎಂದು ಬೆರಳಿನಲ್ಲೇ ಸನ್ನೆ ಮಾಡಿದಳು. ಮತ್ತೆ ಓದಿದೆ.